ಒಂದೇ ದಿನ ಎರಡು ಸಲ ಹನ್ನೆರಡು ಗಂಟೆ

ಕಳೆದ ತಿಂಗಳು ಸುರಪುರದ ವಾಚನಾಲಯದಲ್ಲಿ, ಊರಿನ ನೂರು ಜನರೆದುರು, ಸತ್ಯ ಹೇಳುತ್ತಿದ್ದ ಒಬ್ಬ ಮನುಷ್ಯನನ್ನು ನಾನು ಸುಳ್ಳುಗಾರ ಮಾಡಿಬಿಟ್ಟೆ. ಐದು ನಿಮಿಷ ಹಿಡಿಯಿತು. ಚಪ್ಪಾಳೆಯೂ ಬಿತ್ತು.

ಅವನ ತಪ್ಪೇನು ಅಂತೀರಾ? ಅವನು ವಿಮಾನದಲ್ಲಿ ಕೂತಿದ್ದ. ಅದೂ ಒಂದಲ್ಲ, ನಾಲ್ಕು ಕಂಪನಿಗಳ ವಿಮಾನದಲ್ಲಿ. ನಾನು ಕೂತಿರಲಿಲ್ಲ.

(ಇಷ್ಟು ಓದಿ, "ಓಹೋ, ಹೊಟ್ಟೆಕಿಚ್ಚು" ಎಂದು ಪತ್ರಿಕೆ ಮಡಚುವವರು ಮಡಚಬಹುದು. ವಿಷಯ ಅದೇ. ಆದರೆ ನೀವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ಹೊಲಸಾಗಿದೆ.)

ಆ ಮನುಷ್ಯನ ಹೆಸರು ಸಾಬಣ್ಣ. ಸುರಪುರದ ಪಕ್ಕದ ದೇವಾಪುರದವನು. ಕುರಿ ಕಾಯುವವರ ಮನೆತನ. ಶಹಾಪುರದ ಮಿಡ್ಲ್ ಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಉರ್ದುವಿನಲ್ಲಿ ಭೂಗೋಳ, ಉರ್ದುವಿನಲ್ಲಿ ಗಣಿತ ಬಾಯಿಪಾಠ ಮಾಡಿದವನು. ಆಮೇಲೆ ನಾನು ಗುಲ್ಬರ್ಗಾದ ಕಾಲೇಜಿಗೆ ಹೋದೆ, ಡಿಬೇಟಿನಲ್ಲಿ ಮೂರು ವರ್ಷ ಫಸ್ಟ್ ಪ್ರೈಜ್ ಹೊಡೆದೆ, ಶಹಾಪುರದ ಹೈಸ್ಕೂಲಿಗೆ ಮಾಸ್ತರನಾಗಿ ಬಂದೆ. ಸಾಬಣ್ಣ ಮಿಡ್ಲ್ ಮುಗಿಸಿ ಹಟ್ಟಿಗೆ ವಾಪಸ್ ಹೋದ. ಕೆಲ ವರ್ಷದ ಮೇಲೆ ದನದ ದವಾಖಾನೆಯಲ್ಲಿ ಕಂಪೌಂಡರ್ ಆದ. ಇಂಜೆಕ್ಷನ್ ಹಿಡಿಯುವುದು, ಕುರಿಗೆ ಔಷಧಿ ಕುಡಿಸುವುದು. ಅಲ್ಲಿಗೆ ಯಾರು ಮುಂದೆ, ಯಾರು ಹಿಂದೆ ಎಂಬುದು ತೀರ್ಮಾನವಾಗಿತ್ತು. ನನ್ನ ಮನಸ್ಸಿನಲ್ಲಂತೂ ಆಗಿತ್ತು.

ಅಷ್ಟರಲ್ಲಿ ನಮ್ಮ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರಿಗೆ ಸೇರಿತು. ಸೇರಿದ ಮೇಲೆ ಕಚೇರಿಗಳಿಗೆ ಒಂದು ಹೊಸ ಚಟ ಹತ್ತಿದೆ. ಏನೇ ಬಂದರೂ ಪಾಲು ಹಾಕುವುದು. ಹಳೇ ಮೈಸೂರಿನವರಿಗೆ ಇಷ್ಟು, ಮುಂಬಯಿ ಕಡೆಯಿಂದ ಬಂದವರಿಗೆ ಇಷ್ಟು, ಕಡೆಗೆ ನೆನಪಾದರೆ ನಮ್ಮ ಹೈದರಾಬಾದ್ ಕಡೆಯವರಿಗೆ ಇಷ್ಟು. ಹೀಗೆ ಕುರಿ ಸಾಕಣೆ ನೋಡಿ ಬರಲು ಆಫ್ರಿಕಾಕ್ಕೆ ಒಂದು ತಂಡ ಹೊರಟಾಗ ನಮ್ಮ ಪಾಲಿಗೆ ಒಂದು ಸೀಟು ಬಂತು. ಕುರಿ ಬಲ್ಲವರು ಅರ್ಜಿ ಹಾಕಬಹುದು, ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲವರೂ ಹಾಕಬಹುದು ಎಂದು ನೋಟೀಸಿನಲ್ಲಿತ್ತು.

ನಾನು ಹಾಕಿದೆ. ಸಾಬಣ್ಣನೂ ಹಾಕಿದ. (ಅವನ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ. ದೊಡ್ಡ ಮನಸ್ಸಿನಿಂದ ಬರೆದೆ. ಗೆಲ್ಲುವುದಿಲ್ಲ ಎಂದು ಖಾತ್ರಿ ಇರುವವರಿಗೆ ಸಹಾಯ ಮಾಡುವುದು ಎಷ್ಟು ಸುಲಭ, ನೋಡಿ.)

ಇಂಟರ್‌ವ್ಯೂ ಗುಲ್ಬರ್ಗಾದ ದನದ ದವಾಖಾನೆಯ ಅಂಗಳದಲ್ಲಿ. ಬೇವಿನ ಮರದ ಕೆಳಗೆ ಮೂವರು ಸಾಹೇಬರು ಕುರ್ಚಿ ಹಾಕಿ ಕೂತಿದ್ದರು. ಎದುರಿಗೆ ಒಂದು ಟಗರು ಕಟ್ಟಿದ್ದರು. ನನ್ನನ್ನು ಕರೆದು, "ಇದರ ಬಗ್ಗೆ ಏನು ಹೇಳುತ್ತೀರಿ?" ಎಂದರು.

ನಾನು ಹೇಳಿದೆ. ಉಣ್ಣೆ ಮತ್ತು ದೇಶದ ಆರ್ಥಿಕತೆ, ಗ್ರಾಮೋದ್ಯೋಗ, ಪಂಚವಾರ್ಷಿಕ ಯೋಜನೆ. ಮೂರು ನಿಮಿಷ, ಒಂದೂ ತಡವರಿಕೆ ಇಲ್ಲ. ಡಿಬೇಟಿನಲ್ಲಾದರೆ ಕಪ್ ಕೈಗೆ ಕೊಡುತ್ತಿದ್ದರು.

ಸಾಬಣ್ಣ ಬಂದ. ಮಾತೇ ಆಡಲಿಲ್ಲ. ಟಗರಿನ ದವಡೆ ಹಿಡಿದು ಬಾಯಿ ತೆರೆದು ನೋಡಿದ, ಕಾಲೆತ್ತಿ ನೋಡಿದ. "ನಾಕ್ ಹಾಲುಹಲ್ಲು ಬಿದ್ದಾವ್ರಿ. ಎರಡು ವರ್ಷ ದಾಟ್ಯದ. ಬಲಗಾಲಿನ ಗೊರಸು ಕೊಳಿಯಾಕತ್ತದ. ಯಾರೂ ನೋಡಿಲ್ಲೇನ್ರಿ?"

ದವಾಖಾನೆಯ ಟಗರು. ದವಾಖಾನೆಯ ಸಾಹೇಬರೇ ನೋಡಿರಲಿಲ್ಲ. ಮೂವರೂ ಎದ್ದು ಟಗರಿನ ಸುತ್ತ ಬಗ್ಗಿ ನಿಂತರು. ನನ್ನ ಪಂಚವಾರ್ಷಿಕ ಯೋಜನೆ ಅಲ್ಲಿಗೆ ಮುಗಿಯಿತು.

ಸಾಬಣ್ಣ ಯಾದಗಿರಿಯಿಂದ ರೈಲಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ಆಕಾಶಕ್ಕೆ ಹೋದ. ನಾನು ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುತ್ತಲೇ ಇದ್ದೆ. ಸುರಪುರದಲ್ಲಿ ನಮ್ಮ ಗಂಗಕ್ಕನ ಮನೆ ಇದೆ, ಶನಿವಾರ ಹೋದರೆ ಸೋಮವಾರ ಬರುತ್ತೇನೆ. ನಮ್ಮ ಬಸ್ಸಿನ ಸೇವೆ ನಿಮಗೆ ಗೊತ್ತೇ ಇದೆ. ಸೀಟು ಎಂದರೆ ಎದುರಿನವನ ಮೊಣಕಾಲು. ಗಾಳಿ ಎಂದರೆ ಧೂಳು. ಕಂಡಕ್ಟರ್ ಗಂಟನ್ನೂ ಮನುಷ್ಯನನ್ನೂ ಒಂದೇ ಕೈಯಲ್ಲಿ ಒಳಗೆ ಎಳೆದುಕೊಳ್ಳುತ್ತಾನೆ. ಆ ಆರು ವಾರ, ಬಸ್ಸು ಕುಲುಕಿದಾಗಲೆಲ್ಲ ನನಗೆ ಒಂದೇ ಯೋಚನೆ. ಈಗ ಅವನು ಎಲ್ಲಿ ಕೂತಿರಬಹುದು? ಏನು ತಿನ್ನುತ್ತಿರಬಹುದು?

ವಾಪಸ್ ಬಂದಾಗ ಯಾದಗಿರಿ ಸ್ಟೇಶನ್ನಿಗೆ ಜನ ಹೂವಿನ ಹಾರ ಹಿಡಿದುಕೊಂಡು ಹೋಗಿದ್ದರಂತೆ. ನನಗೆ ಅವತ್ತು ಪರೀಕ್ಷೆಯ ಪೇಪರ್ ತಿದ್ದುವುದಿತ್ತು. (ಇರಲಿಲ್ಲ.)

ಆಮೇಲೆ ವಾಚನಾಲಯದಲ್ಲಿ ಅವನ ಭಾಷಣ ಇಟ್ಟರು. ಭಾನುವಾರ ಮಧ್ಯಾಹ್ನ. ಸುರಪುರದ ಅಂಗಡಿಯವರು, ಗುಮಾಸ್ತರು, ಮಾಸ್ತರರು. ಹಿಂದಿನ ಸಾಲಿನಲ್ಲಿ ದೇವಾಪುರದ ಕುರಿಗಾರರು, ಹೆಗಲ ಮೇಲೆ ಕಂಬಳಿ. ನಾನು ಮುಂದಿನ ಬೆಂಚಿನಲ್ಲೇ ಕೂತೆ.

ಸಾಬಣ್ಣ ಕುರಿಯ ಮಾತಿನಿಂದ ಶುರು ಮಾಡಿದ. ಜನ ಬಿಡಲಿಲ್ಲ. "ಕುರಿ ಇರ್ಲಿ ಸಾಬಣ್ಣಾ, ವಿಮಾನದ್ದು ಹೇಳು," ಎಂದು ಕೂಗಿದರು. ನಮ್ಮಲ್ಲಿ ಕುರಿ ನೋಡದವರು ಯಾರು? ವಿಮಾನ ಹತ್ತಿದವರು ಯಾರು?

ಅವನು ಹೇಳಿದ. ಮುಂಬಯಿಯಿಂದ ಏಡನ್, ಏಡನ್‌ನಿಂದ ಆಡಿಸ್ ಅಬಾಬಾ, ಅಲ್ಲಿಂದ ನೈರೋಬಿ, ನೈರೋಬಿಯಿಂದ ದಾರ್ ಎಸ್ ಸಲಾಮ್. ನಾಲ್ಕು ಹಾರಾಟ, ನಾಲ್ಕು ಬೇರೆ ಬೇರೆ ಕಂಪನಿ. ಯಾವುದು ಚೆನ್ನ, ಯಾವುದು ಕಳಪೆ ಎಂದು ನೀವಾದರೆ ಹೇಗೆ ಅಳೆಯುತ್ತಿದ್ದಿರಿ? ಸೀಟು ನೋಡಿ, ಊಟ ನೋಡಿ. ಸಾಬಣ್ಣ ಅಳೆದದ್ದು ಕಂಬಳಿಯಿಂದ.

"ಮೊದಲನೇದ್ರಾಗ ಕುರ್ಚಿ ಭಾಳ ಚೊಲೋ ಇದ್ವು. ಹಿಂದಕ್ಕ ಒತ್ತಿದ್ರ ಹಿಂದಕ್ಕ ಹೋಗ್ತಾವ. ಏರುವಾಗ ಬಾಯಾಗ ಇಟ್ಟುಕೊಳ್ಳಾಕ ಪೆಪ್ಪರಮೆಂಟ್ ಕೊಡ್ತಾರ, ಕಿವಿ ಕಟ್ಟಬಾರದು ಅಂತ. ಥಂಡಿ ಅಂದೆ, ಒಂದು ಕಂಬಳಿ ಕೊಟ್ರು. ಗಿರಣಿ ಮಾಲು. ಅದು ಕುರಿ ಮಾರಿ ಸೈತ ನೋಡಿಲ್ಲ. ನನ್ನ ಕಂಬಳಿ ಹೆಗಲ ಮ್ಯಾಲ ಇತ್ತಲ್ಲ, ಅದನ್ನ ಊಟ ಕೊಡೂ ಹುಡುಗಿ ಎರಡು ಬೆರಳಾಗ ಹಿಡಕೊಂಡು ಮ್ಯಾಲ ಇಟ್ಟಳು. ಸತ್ತ ಇಲಿ ಹಿಡದಂಗ."

ಜನ ನಕ್ಕರು. ನಾನು ನಗಲಿಲ್ಲ. ಹಿಂದಕ್ಕೆ ಹೋಗುವ ಕುರ್ಚಿ. ನಾನು ಆ ಕುರ್ಚಿಯಲ್ಲೇ ಉಳಿದುಬಿಟ್ಟಿದ್ದೆ.

ಎರಡನೆಯದು ಸಣ್ಣ ವಿಮಾನ. ಅರ್ಧ ಜನ, ಅರ್ಧ ತೊಗಲಿನ ಗಂಟು. ಗುಡ್ಡದ ಮೇಲೆ ಹಾರುವಾಗ ನಮ್ಮ ಸುರಪುರದ ಬಸ್ಸಿನಂತೆ ಎತ್ತಿ ಎತ್ತಿ ಒಗೆಯಿತಂತೆ. ಕಂಬಳಿ ಕೊಡಲೇ ಇಲ್ಲ. "ಆದ್ರ ಕಾಫಿ ಕೊಟ್ಟಿದ್ದೇ ಕೊಟ್ಟಿದ್ದು. ಮತ್ತ ಆ ಕಾಫಿ ಕೊಡೂ ಮನಷ್ಯಾ ನನ್ನ ಕಂಬಳಿ ಮುಟ್ಟೂಕಿಂತ ಮೊದಲ ನನ್ನ ಮಾರಿ ನೋಡಿದ, ಮುಟ್ಟಲೇನು ಅನ್ನೂ ಹಂಗ. ಅವನಿಗೆ ಎರಡನೇ ನಂಬರ್ ಕೊಟ್ಟೀನಿ."

ಮೂರನೆಯದರ ಬಗ್ಗೆ ಹೇಳುವಾಗ ಅವನ ದನಿ ಇಳಿಯಿತು, ದೇವರ ಕೋಣೆಯಲ್ಲಿ ಮಾತಾಡುವವರಂತೆ. "ಅವರು ಕೊಟ್ಟಿದ್ದು ಖರೇ ಉಣ್ಣೆದು. ಮೆರಿನೋ. ಎರಡೂ ಮಗ್ಗಲು ಹೊಳ್ಳಿಸಿ ನೋಡಿದೆ. ಅಂಚಿನಾಗ ಒಂದು ಎಳಿ ಬಿಚ್ಚಿ ನೋಡಿದೆ. ಹರಿದದ ಅಂತ ನಾ ತಕರಾರ್ ಮಾಡಾಕತ್ತೀನಿ ಅಂತ ತಿಳಕೊಂಡು ಅಲ್ಲಿನ ಹುಡುಗಿ ಓಡಿ ಹೋಗಿ ಇನ್ನೊಂದು ತಂದಳು. ಬ್ಯಾಡ ಅನ್ನಾಕ ಇಂಗ್ಲಿಷ್ ಬರಲಿಲ್ಲ. ಎರಡೂ ಹೊಚ್ಚಿಕೊಂಡು ಕುಂತೆ."

ಇಂಗ್ಲಿಷ್ ಬರಲಿಲ್ಲ. ಕೇಳಿದಿರಾ? ಇಂಗ್ಲಿಷ್ ಬರುವವನೊಬ್ಬ ಶಹಾಪುರದಲ್ಲಿ ಒಂದು ಹರಿದ ರಜಾಯಿ ಹೊದ್ದು ಮಲಗಿದ್ದಾಗ, ಇಂಗ್ಲಿಷ್ ಬಾರದವನಿಗೆ ಎರಡೆರಡು ಮೆರಿನೋ. ಇಂಗ್ಲಿಷ್ ಬರಲಿಲ್ಲ ಎಂಬ ಕಾರಣಕ್ಕೇ ಎರಡನೆಯದು.

ನಾಲ್ಕನೆಯದು ಫೇಲ್. ಚಹಾ ಮೊದಲು ಬಿಳಿಯರಿಗೆ, ಅವರದು ಮುಗಿದ ಮೇಲೆ ಉಳಿದವರಿಗೆ. ಅವನ ಕಂಬಳಿಯನ್ನು ಒಳಗೆ ಬಿಡದೆ ಸಾಮಾನಿನ ಜೊತೆ ಒಗೆದರು. ಇಳಿದಾಗ ಎಣ್ಣೆ ಮೆತ್ತಿಕೊಂಡು ಬಂತು. "ಆ ವಾಸನಿ ಇನ್ನೂ ಹೋಗಿಲ್ರಿ," ಎಂದು ಕಂಬಳಿಯನ್ನು ಹಿಂದಿನ ಸಾಲಿಗೆ ಕೊಟ್ಟ. ಕುರಿಗಾರರು ಒಬ್ಬರಿಂದೊಬ್ಬರು ಇಸಿದುಕೊಂಡು ಮೂಸಿ ನೋಡಿ ತಲೆ ಆಡಿಸಿದರು. ಕಂಬಳಿಗೆ ಆದ ಅವಮಾನ ಅವರಿಗೆ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಸಭೆ ಅವನ ಕೈಯಲ್ಲಿತ್ತು. ಮಾತು ಕಲಿತವನು ನಾನು. ಮಾತಿನಲ್ಲೂ ಅವನೇ ಗೆಲ್ಲುತ್ತಿದ್ದ. ಇದನ್ನು ಹೇಗೆ ಸಹಿಸುವುದು?

ಆಗ ಅವನು ಹೇಳಿದ, "ಏಡನ್ನಿಗೆ ಹೋದ ದಿನ ಎರಡು ಊಟ ಆದ್ವು ನೋಡ್ರಿ. ವಿಮಾನದಾಗ ಹನ್ನೆರಡಕ್ಕ ಉಂಡೆ. ಇಳದು ಹೋಟೆಲಿಗೆ ಹೋದ್ರ ಮತ್ತ ಹನ್ನೆರಡಾತು. ಮತ್ತ ಉಂಡೆ."

ನಾನು ಎದ್ದು ನಿಂತೆ.

"ಸಾಬಣ್ಣಾ, ಒಂದು ಸಂಶಯ. ವಿಮಾನದಾಗ ಉಂಡಾಗ ಎಷ್ಟು ಗಂಟೆ?"

"ಹನ್ನೆರಡು. ಗಡಿಯಾರ ನೋಡೇನಿ."

"ಉಂಡ ಮ್ಯಾಲ ವಿಮಾನ ಎಷ್ಟು ಹೊತ್ತು ಹಾರ್ತು?"

"ಒಂದೂವರಿ ತಾಸು."

"ಹನ್ನೆರಡಕ್ಕ ಒಂದೂವರಿ ಕೂಡಿಸಿದ್ರ ಎಷ್ಟು?"

ಹಿಂದಿನಿಂದ ಯಾರೋ, "ಒಂದೂವರಿ," ಎಂದರು.

"ಇಳದಾಗ ಅಲ್ಲಿ ಎಷ್ಟಾಗಿತ್ತು?"

"ಹನ್ನೊಂದು."

ಸಭೆಯಲ್ಲಿ ಸಣ್ಣ ನಗು. ನಾನು ಕಾದೆ. ನಗುವನ್ನು ಬೆಳೆಯಲು ಬಿಡಬೇಕು, ಅದೊಂದು ಕಲೆ. ಆಮೇಲೆ ಮೆಲ್ಲಗೆ ಕೇಳಿದೆ, "ಅಂದ್ರ ನೀ ಇಳದಾಗ, ನೀ ಉಂಡಿದ್ದು ಇನ್ನೂ ಆಗೇ ಇರಲಿಲ್ಲ?"

ವಾಚನಾಲಯದ ಛಾವಣಿ ಹಾರಿಹೋಗುವಂತೆ ನಕ್ಕರು.

"ಅಲ್ಲಿ ಹೊತ್ತು ಹಿಂದ ಇರ್ತದ," ಎಂದ ಸಾಬಣ್ಣ.

"ಯಾಕ ಹಿಂದ ಇರ್ತದ?"

ಅವನು ಕಿಟಕಿಯ ಕಡೆ ನೋಡಿದ, ಉತ್ತರ ಹೊರಗೆ ನಿಂತಿದೆಯೇನೋ ಎಂಬಂತೆ. "ಅದು... ಅವರ ದೇಶದ ಪದ್ಧತಿ ಇರಬೇಕು."

ಮುಗಿಯಿತು. ಸಭೆಯ ಅಧ್ಯಕ್ಷರು ಕೂಡ ಶಲ್ಯದಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸಾಬಣ್ಣ, "ಇನ್ನೊಂದು ಮಾತು ಹೇಳೂದೈತ್ರಿ, ಕುರಿದು, ಅದಕ್ಕಂತಲೇ ಬಂದೀನಿ," ಎನ್ನುತ್ತಿದ್ದ. ಯಾರು ಕೇಳಿಸಿಕೊಳ್ಳುತ್ತಾರೆ? ಬೆಂಚು ಸರಿದವು. ಜನ ಬಾಗಿಲಲ್ಲಿ ನನ್ನ ಬೆನ್ನು ತಟ್ಟಿ ಹೋದರು. "ಮಾಸ್ತರ್, ಚೊಲೋ ಹಿಡದ್ರಿ."

ಈಗ ಹೊಲಸು ಭಾಗಕ್ಕೆ ಬರುತ್ತೇನೆ.

ಉತ್ತರ ನನಗೆ ಗೊತ್ತಿತ್ತು.

ಅದೇ ವಾರ ಒಂಬತ್ತನೇ ತರಗತಿಗೆ ರೇಖಾಂಶದ ಪಾಠ ಮಾಡಿದ್ದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಸೂರ್ಯ ನಮಗೆ ಮೊದಲು ಕಾಣುತ್ತಾನೆ, ಪಶ್ಚಿಮದವರಿಗೆ ಆಮೇಲೆ. ಹದಿನೈದು ಡಿಗ್ರಿಗೆ ಒಂದು ತಾಸು. ನಮ್ಮಲ್ಲಿ ಒಂದೂವರೆ ಆದಾಗ ಏಡನ್‌ನಲ್ಲಿ ಹನ್ನೊಂದು. ಬೋರ್ಡಿನ ಮೇಲೆ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಿಂದ ಬಾಣ ಹಾಕಿ ಕಲಿಸಿದ್ದೆ. ಸಾಬಣ್ಣ ಹೇಳಿದ್ದರಲ್ಲಿ ಒಂದು ನಿಮಿಷದ ತಪ್ಪೂ ಇರಲಿಲ್ಲ. ಅವನು ಕಂಡದ್ದನ್ನು ಹೇಳಿದ. ಯಾಕೆ ಎಂದು ಅವನಿಗೆ ಹೇಳಲು ಬರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಮಿಡ್ಲ್ ಸ್ಕೂಲಿನಲ್ಲಿ ಆ ಪಾಠದ ದಿನ ಅವನು ಕುರಿ ಕಾಯಲು ಹೋಗಿದ್ದ.

ಡಿಬೇಟಿನಲ್ಲಿ ಮೊದಲು ಕಲಿಸುವ ಮಾತು ಇದು: ನಿನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಎಂದೂ ಕೇಳಬೇಡ. ನಾನು ನಿಯಮ ಮುರಿಯಲಿಲ್ಲ.

ಅವತ್ತು ನಾನು ಚೆನ್ನಾಗಿ ನಿದ್ದೆ ಮಾಡಿದೆ. ಇದನ್ನೂ ಹೇಳಿಬಿಡುತ್ತೇನೆ. ಆರು ವಾರದ ಮೇಲೆ ಮೊದಲ ಸಲ.

ಮುಂದಿನ ಶನಿವಾರ ಮತ್ತೆ ಗಂಗಕ್ಕನ ಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಬಡಿತ ಜೋರಾಯಿತು.

"ಬಂದ್ಯಾ. ಬಾ, ಬಾ. ಊರಿಗೆ ದೊಡ್ಡ ಉಪಕಾರ ಮಾಡೀದಿ."

"ಏನಾತಕ್ಕ?"

"ಆ ಸಾಬಣ್ಣಗ ಏನಂತ ಕರೀತಾರ ಗೊತ್ತೇನು ಈಗ? ಎರಡೂಟದ ಸಾಬಣ್ಣ ಅಂತಾರ. ಸಂತ್ಯಾಗ ಅವನ ಹೇಣ್ತಿ ಉಣ್ಣೆ ಮಾರಾಕ ಕುಂತ್ರ, ನಿನ್ನ ಗಂಡ ಎಷ್ಟ ಸರ್ತಿ ಉಂಡು ಬಂದಾನವ್ವಾ ಅಂತ ಕೇಳ್ತಾರ. ಆಕಿ ಗಂಟು ಕಟ್ಟಿಕೊಂಡು ಎದ್ದು ಹೋದಳು."

"ಜನ ನಾಕು ದಿನ ನಗ್ತಾರ, ಬಿಡ್ತಾರ."

"ನಗೂದು ಇರ್ಲಿ. ತೊಟ್ಟಿದು ಏನು ಮಾಡ್ತಿ?"

ಯಾವ ತೊಟ್ಟಿ? ಆಗ ಅಕ್ಕ ಹೇಳಿದಳು. ಅವತ್ತು ಸಾಬಣ್ಣ ಕೊನೆಗೆ ಹೇಳಬೇಕೆಂದಿದ್ದ ಮಾತು ಅದು. ಕೆನ್ಯಾದಲ್ಲಿ ಅವನು ಒಂದು ಉದ್ದನೆಯ ತೊಟ್ಟಿ ನೋಡಿದ್ದ. ಅದರ ತುಂಬ ಔಷಧಿ ನೀರು. ಕುರಿಗಳನ್ನು ಒಂದು ಕಡೆಯಿಂದ ಇಳಿಸಿ ಈಜಿಸಿ ಇನ್ನೊಂದು ಕಡೆ ಹತ್ತಿಸುತ್ತಾರೆ. ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು, ಉಣ್ಣೆ ಉದುರಿಸುವ ತುರಿಕಜ್ಜಿ, ಎಲ್ಲ ಹೋಗುತ್ತದೆ. ವಾಪಸ್ ಬಂದವನೇ ಕಚೇರಿಯ ಮೆಟ್ಟಿಲು ಹತ್ತಿ ಇಳಿದು, ದೇವಾಪುರದಲ್ಲಿ ಪರಸಿ ಕಲ್ಲಿನ ಚಪ್ಪಡಿ ಹಾಸಿ ಒಂದು ಸಣ್ಣ ತೊಟ್ಟಿ ಮಾಡಿಸಿದ್ದ. ಸಾಹೇಬರ ಷರತ್ತು ಒಂದೇ. ಬರುವ ಗುರುವಾರ ಊರಿನ ಹಿಂಡುಗಳು ತೊಟ್ಟಿಗೆ ಇಳಿಯಬೇಕು. ಇಳಿದರೆ ಪಕ್ಕಾ ತೊಟ್ಟಿ, ವರ್ಷವಿಡೀ ಔಷಧಿ. ಇಳಿಯದಿದ್ದರೆ ಅದು ಬೇರೆ ತಾಲೂಕಿಗೆ.

ಕುರಿಗಾರರಿಗೆ ಹೆದರಿಕೆ. ವಿಷದ ನೀರು, ಕುರಿ ಸತ್ತರೆ? ಅವರ ಎದುರು ಇದ್ದ ಸಾಕ್ಷಿ ಒಂದೇ: ಸಾವಿರಾರು ಕುರಿ ಇಳಿದು ಹತ್ತಿದ್ದನ್ನು ಕಣ್ಣಾರೆ ಕಂಡೇನಿ ಎಂಬ ಸಾಬಣ್ಣನ ಮಾತು.

"ಈಗ ಹಟ್ಟ್ಯಾಗ ಏನಂತಾರ ಗೊತ್ತೇನು?" ಎಂದಳು ಅಕ್ಕ. "ಒಂದು ದಿನಕ್ಕ ಎರಡು ಹನ್ನೆರಡು ಬಾರಿಸಿದಂವ, ನಾಕು ಕುರಿ ನೋಡಿ ನಾಕು ಸಾವಿರ ಅಂದಾನ ಅಂತಾರ. ಯಾರೂ ಹಿಂಡು ತರೂದಿಲ್ಲಂತ. ಅವನಪ್ಪನೂ ತರಾಂಗಿಲ್ಲ ಅಂದಾನಂತ." ರೊಟ್ಟಿಯನ್ನು ಹೆಂಚಿಗೆ ಹಾಕಿ ನನ್ನ ಮುಖ ನೋಡಿದಳು. "ತಮ್ಮಾ, ಒಂದು ಮಾತು ಕೇಳ್ತೀನಿ. ಅಲ್ಲಿ ಹೊತ್ತು ಖರೇನ ಹಿಂದ ಇರ್ತದೇನು?"

ಅಕ್ಕ ಶಾಲೆಗೆ ಹೋದವಳಲ್ಲ. ಅವಳ ಎದುರು ಸುಳ್ಳು ಹೇಳುವುದು ನನಗೆ ಇಂದಿನವರೆಗೂ ಬಂದಿಲ್ಲ.

"ಇರ್ತದ," ಎಂದೆ.

ಅವಳು ರೊಟ್ಟಿಯನ್ನು ತಾಟಿಗೆ ಹಾಕಿ ನನ್ನ ಕಡೆ ನೂಕಿದಳು. ಪಲ್ಯ ನಾನೇ ಹಾಕಿಕೊಳ್ಳಬೇಕಾಯಿತು.

ಮರುದಿನ ಬೆಳಿಗ್ಗೆ ದೇವಾಪುರಕ್ಕೆ ನಡೆದೆ. ಜೇಬಿನಲ್ಲಿ ಒಂದು ಮೋಸಂಬಿ ಇತ್ತು, ಭೂಮಿ ತೋರಿಸಲು. ನನ್ನ ಯೋಜನೆ ಸರಳ. ಒಂದು ವಿಷಯದ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಬಲ್ಲವನು ನಾನು. ವಿರುದ್ಧ ಮಾತಾಡಿ ಆಗಿತ್ತು. ಈಗ ಪರವಾಗಿ ಮಾತಾಡಿದರೆ ಸರಿಹೋಯಿತು. ನನ್ನ ತಪ್ಪಿನ ಮಾತು ಎತ್ತುವ ಅಗತ್ಯವೇನು? ಬರೀ ವಿಜ್ಞಾನ ಸಾಕು.

ಸಾಬಣ್ಣ ಊರಲ್ಲಿರಲಿಲ್ಲ, ಔಷಧಿ ತರಲು ಗುಲ್ಬರ್ಗಾಕ್ಕೆ ಹೋಗಿದ್ದ. ಒಳ್ಳೆಯದೇ ಆಯಿತು ಎಂದುಕೊಂಡೆ. ಹಟ್ಟಿಯ ಹಿರಿಯ ಮಾಳಪ್ಪ ಮುತ್ಯಾ ಬೇವಿನ ಕಟ್ಟೆಯ ಮೇಲೆ ತಕಲಿಯಲ್ಲಿ ಉಣ್ಣೆ ನೂಲುತ್ತ ಕೂತಿದ್ದ. ವಾಚನಾಲಯದ ಹಿಂದಿನ ಸಾಲಿನಲ್ಲಿ ಆ ಕಂಬಳಿಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಮೂಸಿದವನು ಅವನೇ. ಹತ್ತು ಹನ್ನೆರಡು ಜನ ಸೇರಿದರು.

ಮೋಸಂಬಿ ತೆಗೆದೆ. ಅದರ ಮೇಲೆ ಎರಡು ಕಡ್ಡಿ ಚುಚ್ಚಿದೆ. ಒಂದು ದೇವಾಪುರ, ಇನ್ನೊಂದು ಏಡನ್. ಬಿಸಿಲಿಗೆ ಹಿಡಿದು ತಿರುಗಿಸಿದೆ. ಇಲ್ಲಿ ನೆರಳು, ಅಲ್ಲಿ ಬೆಳಕು. ನನ್ನ ಒಂಬತ್ತನೇ ತರಗತಿ ಕೂಡ ಇಷ್ಟು ಶಾಂತವಾಗಿ ಕೇಳಿರಲಿಲ್ಲ.

ಮುತ್ಯಾ ಕೊನೆಯವರೆಗೂ ಕೇಳಿದ. ತಕಲಿ ನಿಲ್ಲಿಸಿದ.

"ಮಾಸ್ತರ್, ಹೋದ ಐತಾರ ನೀವ ಇಲ್ಲ ಅಂದ್ರಿ."

"ಅಂದೆ."

"ಇವತ್ತ ನೀವ ಹೌದಂತೀರಿ."

"ಹೌದು."

"ಬರೂ ಐತಾರ ಏನಂತೀರಿ?"

ಹಟ್ಟಿಯಲ್ಲಿ ನಗು. ವಾಚನಾಲಯದಲ್ಲಿ ಬಿದ್ದದ್ದೇ ನಗು, ಈ ಸಲ ನನ್ನ ಮೇಲೆ. ಮೂರು ವರ್ಷ ಫಸ್ಟ್ ಪ್ರೈಜ್ ಹೊಡೆದವನಿಗೆ ಮೂರೇ ಸಾಲು ಸಾಕಾದವು. ಮುತ್ಯಾ ಕಾಲೇಜಿಗೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು?

"ಮಾತು ಬಲ್ಲೋರು ನೀವು," ಎಂದ ಮುತ್ಯಾ. "ಹಿಂಗೂ ಹೇಳ್ತೀರಿ, ಹಂಗೂ ಹೇಳ್ತೀರಿ. ನಮಗ ಕುರಿ ಅವ. ಹಿಂಗೂ ಹಂಗೂ ಆದ್ರ ಕುರಿ ಸಾಯ್ತಾವ." ಎದ್ದು ಹೆಗಲಿನ ಕರಿಕಂಬಳಿ ತೆಗೆದು ಕಟ್ಟೆಯ ಮೇಲೆ ಹಾಸಿದ. ಸೊಂಟದ ಚೀಲದಿಂದ ಚಿಟಿಕೆ ಭಂಡಾರದ ಅರಿಶಿನ ತೆಗೆದು ಅದರ ಮೇಲೆ ಉದುರಿಸಿದ. "ಕುಂಡ್ರಿ. ಕುಂತು ಹೇಳ್ರಿ."

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಹಟ್ಟಿಯಲ್ಲಿ ನ್ಯಾಯ ಮಾಡುವಾಗ ಕಂಬಳಿ ಹಾಸಿ ಭಂಡಾರ ಹಾಕುತ್ತಾರೆ. ಅದರ ಮೇಲೆ ಕೂತವರು ಸುಳ್ಳು ಹೇಳುವ ಪದ್ಧತಿ ಇಲ್ಲ. ಹೇಳಿದರೆ ಏನಾಗುತ್ತದೆ? ಅದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಹೇಳಿ ನೋಡಿಲ್ಲವಂತೆ. ದೇವರು, ಶಾಪ, ಇದ್ಯಾವುದನ್ನೂ ನಂಬದವನು ನಾನು. ಆ ಬಗ್ಗೆ ಈ ಪತ್ರಿಕೆಯಲ್ಲೇ ಬೇಕಾದಷ್ಟು ಅಂಕಣ ಬರೆದಿದ್ದೇನೆ, ನೀವು ಓದಿದ್ದೀರಿ. ಬರೀ ಉಣ್ಣೆಯ ಬಟ್ಟೆ, ಅದಕ್ಕೇನು ಎಂದುಕೊಂಡು ಕೂತೆ.

ಕಂಬಳಿ ಚುಚ್ಚುತ್ತಿತ್ತು. ಹನ್ನೆರಡು ಜನ ಸುಮ್ಮನೆ ನೋಡುತ್ತಿದ್ದರು. ಡಿಬೇಟಿನ ಸಭೆ ಹೀಗೆ ನೋಡುವುದಿಲ್ಲ. ಅಲ್ಲಿ ಎಲ್ಲರೂ ಮಾತು ಹೇಗಿದೆ ಎಂದು ನೋಡುತ್ತಾರೆ. ಇವರು ಮನುಷ್ಯ ಹೇಗಿದ್ದಾನೆ ಎಂದು ನೋಡುತ್ತಿದ್ದರು.

"ಅಲ್ಲಿ ಹೊತ್ತು ಹಿಂದ ಇರ್ತದ," ಎಂದೆ. "ಸಾಬಣ್ಣ ಹೇಳಿದ್ದು ಖರೇ."

"ಅವತ್ತ ನಿಮಗ ಗೊತ್ತಿದ್ದಿಲ್ಲೇನು?"

ಅಲ್ಲಿಗೆ ಬಂತು. ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡೆ ಎನ್ನಬಹುದಿತ್ತು. ಎಷ್ಟು ಗೌರವದ ಸುಳ್ಳು. ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿತ್ತು," ಎಂದೆ.

"ಮತ್ಯಾಕ ಕೇಳಿದ್ರಿ?"

"ಅವಗ ಉತ್ತರ ಬರಾಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಕೇಳಿದೆ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. "ವಿಮಾನಕ್ಕ ನಾನೂ ಅರ್ಜಿ ಹಾಕಿದ್ದೆ. ನನ್ನ ಬಿಟ್ಟು ಅವನ್ನ ಕಳಿಸಿದ್ರು. ಹೊಟ್ಟಿ ಉರೀತು, ಮುತ್ಯಾ. ಇನ್ನೂ ಉರೀತದ."

ಮುತ್ಯಾ ಪಕ್ಕದವನ ಮುಖ ನೋಡಿದ, ಪಕ್ಕದವನು ಅವನ ಮುಖ ನೋಡಿದ. ಆಮೇಲೆ ಮುತ್ಯಾ ತಕಲಿ ಮತ್ತೆ ತಿರುಗಿಸಿದ.

"ಹಂಗಂದ್ರ ಖರೇ ಇರಬೇಕು," ಎಂದ.

ನಾನು ಮೋಸಂಬಿ ಎತ್ತಿಕೊಂಡೆ. "ಭೂಮಿ ತಿರಗೂದು ತಿಳೀತಲ್ಲ?"

"ಅದು ತಿರಗ್ತದೋ ಬಿಡ್ತದೋ ನಮಗ ಗೊತ್ತಿಲ್ಲ ಮಾಸ್ತರ್," ಎಂದ ಮುತ್ಯಾ. "ಹೊಟ್ಟಿ ಉರಿಯೂದು ಗೊತ್ತದ. ನಮ್ಮ ತಮ್ಮನ ಹಿಂಡಿನಾಗ ಅವಳಿ ಮರಿ ಹುಟ್ಟಿದ್ರ ನನಗೂ ನಿದ್ದಿ ಬರೂದಿಲ್ಲ. ನೀವು ಅದನ್ನ ಹೇಳಿದ್ರಿ ನೋಡ್ರಿ, ಅದಕ್ಕ ನಂಬಿಕಿ ಬಂತು."

ಅಂದರೆ ನನ್ನ ವಿಜ್ಞಾನ ಸೋತಿತು, ನನ್ನ ಹೊಟ್ಟೆಕಿಚ್ಚು ಗೆದ್ದಿತು. ಹದಿನೈದು ಡಿಗ್ರಿಗೆ ಒಂದು ತಾಸು ಎಂಬುದಕ್ಕೆ ದೇವಾಪುರದಲ್ಲಿ ಪುರಾವೆ ಯಾವುದು? ಮಾಸ್ತರರ ಸಣ್ಣತನ.

ಗುರುವಾರ ರಜೆ ಹಾಕಿ ಹೋದೆ. ಕಣ್ಣಿಂದ ನೋಡುವವರೆಗೆ ಸಮಾಧಾನ ಇರಲಿಲ್ಲ. ಬಸ್ಸು ಇಳಿದು ನಡೆಯುವಾಗ ಕಿವಿಯೆಲ್ಲ ಊರಿನ ಕಡೆಗೇ. ಮೊದಲು ಏನೂ ಕೇಳಿಸಲಿಲ್ಲ. ಹಳ್ಳ ದಾಟಿದ ಮೇಲೆ ಕುರಿಗಳ ಕೂಗು ಕೇಳಿಸಿತು. ಒಂದು ಹಿಂಡಿನದಲ್ಲ. ಏಳೆಂಟು ಹಿಂಡಿನದು.

ಮುತ್ಯಾನ ಹಿಂಡು ಮೊದಲು ಇಳಿದಿತ್ತು. ಸಾಬಣ್ಣ ಖಾಕಿ ಚಡ್ಡಿಯಲ್ಲಿ ತೊಟ್ಟಿಯ ಅಂಚಿನಲ್ಲಿ ನಿಂತು, ಕವೆಗೋಲಿನಿಂದ ಒಂದೊಂದೇ ಕುರಿಯ ತಲೆಯನ್ನು ಒಂದು ಸಲ ಔಷಧಿಯಲ್ಲಿ ಮುಳುಗಿಸಿ ಎತ್ತುತ್ತಿದ್ದ. ಆಚೆ ದಡದಲ್ಲಿ ಕುರಿಗಳು ಒದ್ದೆಯಾಗಿ, ಸಿಟ್ಟಿನಲ್ಲಿ ಮೈ ಕೊಡವುತ್ತ ಹತ್ತುತ್ತಿದ್ದವು. ಒಂದೂ ಸಾಯಲಿಲ್ಲ. ಸಾಬಣ್ಣನ ಅಪ್ಪ ತನ್ನ ಹಿಂಡನ್ನು ಎಲ್ಲರಿಗಿಂತ ಕೊನೆಗೆ ತಂದ. ತಂದವನು ಮಗನಿಗೆ ಮಾತ್ರ ಕೇಳುವಂತೆ ಏನೋ ಅಂದ. ಸಾಬಣ್ಣ ಹಿಂದೆ ತಿರುಗಿ ಮುಖ ಒರೆಸಿಕೊಂಡ. ಔಷಧಿ ಸಿಡಿದಿತ್ತು ಅನಿಸುತ್ತದೆ. ಕುರ್ಚಿಯ ಮೇಲಿದ್ದ ಸಾಹೇಬರು ಕಾಗದದ ಮೇಲೆ ಏನೋ ಬರೆದು ರುಜು ಹಾಕಿದರು.

ನಾನು ಕ್ಷಮೆ ಕೇಳಲು ತಯಾರಾಗಿ ಹೋಗಿದ್ದೆ. ಮೂರು ಭಾಗ ಮಾಡಿದ್ದೆ: ಪೀಠಿಕೆ, ತಪ್ಪೊಪ್ಪಿಗೆ, ಉಪಸಂಹಾರ. ಪೀಠಿಕೆಯಲ್ಲಿ ನಮ್ಮ ಹಳೆಯ ಗೆಳೆತನ, ನಡುವೆ ಹೊಟ್ಟೆಕಿಚ್ಚಿನ ಸ್ವಭಾವದ ಬಗ್ಗೆ ಎರಡು ಒಳ್ಳೆಯ ಸಾಲು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಈ ಮಾತು ಕೇಳಿ ಅವನ ಕಣ್ಣು ತುಂಬುತ್ತದೆ, ನಾನು ಅವನ ಹೆಗಲ ಮೇಲೆ ಕೈ ಇಡುತ್ತೇನೆ, ಇಷ್ಟರವರೆಗೆ ಯೋಚಿಸಿದ್ದೆ.

ಸಾಬಣ್ಣ ಕವೆಗೋಲು ಇನ್ನೊಬ್ಬನ ಕೈಗೆ ಕೊಟ್ಟು ನನ್ನ ಕಡೆ ಬಂದ. ಮೈಯೆಲ್ಲ ಔಷಧಿಯ ಘಾಟು. ನಾನು ಗಂಟಲು ಸರಿಮಾಡಿಕೊಂಡೆ.

"ಮುತ್ಯಾ ಎಲ್ಲಾ ಹೇಳ್ಯಾನ," ಎಂದ. "ಬಿಡಲೇ ಮಾರಾಯ. ನೀ ಹೋಗಿ ನಾ ಇಲ್ಲೇ ಕುಂತಿದ್ರ, ನಾ ಇನ್ನೂ ಹೊಲಸು ಪ್ರಶ್ನೆ ಕೇಳ್ತಿದ್ದೆ. ಅಲ್ಲಿ ನಿಂದರಬ್ಯಾಡ, ಸಿಡೀತದ."

ಅಷ್ಟು ಹೇಳಿ ನನ್ನ ತೋಳು ಹಿಡಿದು ಎರಡು ಹೆಜ್ಜೆ ಈಚೆ ಸರಿಸಿ, ಮತ್ತೆ ಕುರಿಗಳ ಕಡೆ ಹೋಗಿಬಿಟ್ಟ.

ಪೀಠಿಕೆ ಬಾಯಲ್ಲೇ ಉಳಿಯಿತು. ಯಾರಿಗೆ ಹೇಳಲಿ? ಸಾಹೇಬರಿಗೆ? ಕುರಿಗಳಿಗೆ?

ನಾನು ಕೇಳುವುದು ಇಷ್ಟೇ: ಇನ್ನೂ ಬಾಯಿ ತೆರೆಯದವನನ್ನು ಕ್ಷಮಿಸಿಬಿಡುವಷ್ಟು ಅವಸರ ಆ ಮನುಷ್ಯನಿಗೆ ಏನಿತ್ತು?